ಎಂಟು ತುಂಡಿನ ಪ್ಲಾಸ್ಟಿಕ್ ಮೆದುಳು ಮತ್ತು ಬೆನ್ನುಹುರಿ ಸೆಟ್: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ವಾಪಸ್ ಕಳಿಸಬೇಕು

ನರ್ಸಿಂಗ್, ಫಿಸಿಯೋಥೆರಪಿ, ಬಿಎಎಂಎಸ್, ಎಂಬಿಬಿಎಸ್ ಮೊದಲ ವರ್ಷದ ವಿದ್ಯಾರ್ಥಿಗಳಿಗೆಂದು ಆನ್‌ಲೈನ್‌ನಲ್ಲೂ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲೂ ಸಿಗುವ ಸೆಟ್ ಇದು. ಪೆಟ್ಟಿಗೆಯಲ್ಲಿ ಮೂರು ವಸ್ತು ಇರುತ್ತವೆ: ಎಂಟು ತುಂಡಾಗಿ ಬಿಚ್ಚುವ ನಿಜಗಾತ್ರದ ಮೆದುಳು, ಸುಮಾರು ಐದು ಪಟ್ಟು ದೊಡ್ಡದಾಗಿ ಮಾಡಿದ ಬೆನ್ನುಹುರಿಯ ಅಡ್ಡಸೀಳು, ನರಗಳು ಹೊರಬಂದಿರುವ ಬೆನ್ನೆಲುಬು. ಒಂದೇ ಅಚ್ಚಿನ ಮಾಲು ಹತ್ತು ಹೆಸರಿನಲ್ಲಿ ಮಾರಾಟವಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಒಳಗಿನ ಅಚ್ಚನ್ನು ನೋಡಿ ಕೊಳ್ಳಬೇಕು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮೆದುಳಿನ ಮಾದರಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅಡ್ಡಸೀಳನ್ನು ಕೆಳಗೆ ಹೇಳಿರುವ ಮೂರು ಜಾಗ ನೋಡಿ ಇಟ್ಟುಕೊಳ್ಳಿ. ಬೆನ್ನೆಲುಬಿನಲ್ಲಿ ಹುರಿ ಎಲ್ಲಿ ಮುಗಿಯುತ್ತದೆ ಎಂಬುದು ತಪ್ಪಿದ್ದರೆ, ಎಷ್ಟೇ ಅಂದವಾಗಿದ್ದರೂ ವಾಪಸ್ ಕಳಿಸಿ.

ಮೆದುಳು: ನಡುಸೀಳಿನ ಮುಖವೇ ಇದರ ಜೀವ

ಮಾದರಿ ಮೊದಲು ನಡುವೆ ಎರಡು ಹೋಳಾಗುತ್ತದೆ. ಪ್ರತಿ ಹೋಳು ಮತ್ತೆ ನಾಲ್ಕಾಗುತ್ತದೆ: ಮುಂದಿನ ಫ್ರಂಟಲ್ ಮತ್ತು ಮೇಲಿನ ಪರೈಟಲ್ ಹಾಲೆ (ಅರ್ಧಗೋಳದ ದೊಡ್ಡ ಭಾಗಗಳು) ಸೇರಿ ಒಂದು ತುಂಡು, ಪಕ್ಕದ ಟೆಂಪೊರಲ್ ಮತ್ತು ಹಿಂದಿನ ಆಕ್ಸಿಪಿಟಲ್ ಹಾಲೆ ಸೇರಿ ಇನ್ನೊಂದು, ಮೆದುಳಿನ ಕಾಂಡದ ಅರ್ಧ, ಅನುಮಸ್ತಿಷ್ಕದ (ಹಿಂದೆ ಕೆಳಗಿರುವ ಸೆರೆಬೆಲ್ಲಮ್) ಅರ್ಧ. ಒಂಬತ್ತು ತುಂಡು ಎಂದು ಮಾರುವ ಮಾದರಿಯಲ್ಲಿ ಹೆಚ್ಚಿನ ತುಂಡು ಬೇಸಿಲಾರ್ ಧಮನಿ ಮತ್ತು ಅದರ ಕವಲುಗಳು. ಅದೊಂದಕ್ಕಾಗಿ ಹೆಚ್ಚು ಕೊಡಬಹುದು, ಕಾರಣ ಮುಂದೆ ಬರುತ್ತದೆ.

ಅರ್ಧ ಮೆದುಳನ್ನು ಎಡಗೈಯಲ್ಲಿ ಹಿಡಿದು ಒಳಮುಖ ನೋಡಿ. ನಡುವೆ ಬಿಲ್ಲಿನಂತೆ ಬಾಗಿರುವ ಬಿಳಿ ಪಟ್ಟಿ ಕಾರ್ಪಸ್ ಕಲೋಸಮ್. ಎಡ ಬಲ ಅರ್ಧಗೋಳಗಳನ್ನು ಜೋಡಿಸುವ ಸುಮಾರು 20 ಕೋಟಿ ನರತಂತುಗಳ ಕಟ್ಟು ಅದು. ಅದರ ಕೆಳಗೆ ತೆಳು ಪೊರೆ, ಪೊರೆಯ ಕೆಳ ಅಂಚಿನಲ್ಲಿ ಕಮಾನಾಗಿ ಬರುವ ಫಾರ್ನಿಕ್ಸ್, ಅದರ ಹಿಂದೆ ಕೆಳಗೆ ಕೋಳಿಮೊಟ್ಟೆಯ ಆಕಾರದ ಥಾಲಮಸ್. ಫಾರ್ನಿಕ್ಸ್‌ನ ಮುಂದಿನ ಕಂಬಕ್ಕೂ ಥಾಲಮಸ್‌ನ ಮುಂತುದಿಗೂ ನಡುವೆ ಒಂದು ಸಣ್ಣ ತೂತು ಇರಲೇಬೇಕು. ಮೆದುಳಿನೊಳಗೆ ದ್ರವ ತುಂಬಿದ ಪೊಳ್ಳುಗಳಿಗೆ ಕುಹರ ಎನ್ನುತ್ತಾರೆ. ಪಕ್ಕದ ಕುಹರದಿಂದ ಮೂರನೇ ಕುಹರಕ್ಕೆ ಮೆದುಳುದ್ರವ ಇಳಿಯುವ ಬಾಗಿಲು ಅದೇ. ಅಗ್ಗದ ಅಚ್ಚಿನಲ್ಲಿ ಆ ಜಾಗ ಮುಚ್ಚಿಹೋಗಿ ಬಣ್ಣದ ಚುಕ್ಕೆ ಮಾತ್ರ ಉಳಿದಿರುತ್ತದೆ. ಪೊರಕೆ ಕಡ್ಡಿಯ ತುದಿ ಹಾಕಿ ನೋಡಿ. ತಗ್ಗು ಸಿಕ್ಕರೆ ಅಚ್ಚು ಶ್ರದ್ಧೆಯಿಂದ ಮಾಡಿದ್ದು ಎಂದು ನಂಬಬಹುದು.

ಅದೇ ಕಡ್ಡಿಯನ್ನು ಹಿಂದಕ್ಕೆ ಜಾರಿಸಿದರೆ ಮಧ್ಯಮೆದುಳಿನಲ್ಲಿ ಕಿರಿದಾದ ಕಾಲುವೆ ಸಿಗಬೇಕು. ನಿಜವಾದ ಮೆದುಳಿನಲ್ಲಿ ಅದು ಸುಮಾರು 15 ಮಿ.ಮೀ. ಉದ್ದ, ಅಗಲ ಒಂದೆರಡು ಮಿ.ಮೀ. ಮಾತ್ರ. ಕಾಲುವೆ ದಾಟಿದರೆ ನಾಲ್ಕನೇ ಕುಹರ: ಮುಂದೆ ಕಾಂಡದ ಕೆಳಭಾಗಗಳಾದ ಪಾನ್ಸ್ ಮತ್ತು ಮೆಡುಲ್ಲಾ, ಹಿಂದೆ ಅನುಮಸ್ತಿಷ್ಕ, ನಡುವೆ ಗುಡಾರದಂಥ ಜಾಗ. ಒಟ್ಟು ದ್ರವ ಸುಮಾರು 150 ಮಿ.ಲೀ., ಆದರೆ ದಿನಕ್ಕೆ ಹುಟ್ಟುವುದು ಸುಮಾರು 500 ಮಿ.ಲೀ. ಅಂದರೆ ಇಡೀ ದ್ರವ ದಿನಕ್ಕೆ ಮೂರು ಬಾರಿಗಿಂತ ಹೆಚ್ಚು ಬದಲಾಗುತ್ತದೆ. ಆ ಕಾಲುವೆ ಕಟ್ಟಿಕೊಂಡ ಮಗುವಿನ ತಲೆ ಏಕೆ ಊದುತ್ತದೆ, ಪಕ್ಕದ ಎರಡು ಕುಹರ ಮತ್ತು ಮೂರನೆಯದು ಉಬ್ಬಿ ನಾಲ್ಕನೆಯದು ಮಾತ್ರ ಮೊದಲಿನಂತೆಯೇ ಏಕೆ ಉಳಿಯುತ್ತದೆ ಎಂಬುದು ಕಡ್ಡಿ ಓಡಿಸಿದ ವಿದ್ಯಾರ್ಥಿಗೆ ಮತ್ತೆ ಹೇಳಿಕೊಡಬೇಕಾಗಿಲ್ಲ. ಪುಸ್ತಕದ ಚಿತ್ರದಿಂದ ಆಗದ ಕೆಲಸ ಇದು. ಈ ಸೆಟ್ಟನ್ನು ನಾವು ಮೆಚ್ಚುವುದಕ್ಕೆ ದೊಡ್ಡ ಕಾರಣವೂ ಇದೇ.

ಥಾಲಮಸ್‌ನ ಒಳಮುಖದಲ್ಲಿ ಒಂದು ಗುಂಡು ಗುರುತು ಇರುತ್ತದೆ, ಎರಡು ಥಾಲಮಸ್‌ಗಳು ಪರಸ್ಪರ ಅಂಟಿಕೊಂಡಿರುವ ಜಾಗ. ಎಲ್ಲರ ಮೆದುಳಿನಲ್ಲೂ ಅದು ಇರುವುದಿಲ್ಲ. ನೂರರಲ್ಲಿ ಸುಮಾರು ಇಪ್ಪತ್ತು ಜನರಿಗೆ ಇಲ್ಲದಿದ್ದರೂ ಯಾವ ತೊಂದರೆಯೂ ಇಲ್ಲ. ಮಾದರಿಯ ಜತೆ ಬರುವ ನಂಬರ್ ಪಟ್ಟಿಯಲ್ಲಿ ಈ ಮಾತು ಇರುವುದಿಲ್ಲ. ಪರೀಕ್ಷೆಯಲ್ಲಿ ನಿಜವಾದ ಮೆದುಳು ಕೈಗೆ ಬಂದಾಗ ಅದನ್ನೇ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಹೊರಮೈ: ಸೆಂಟ್ರಲ್ ಸಲ್ಕಸ್ ಸಿಗುತ್ತದೆಯೇ?

ತೊಗಟೆಯ, ಅಂದರೆ ಮೆದುಳಿನ ಹೊರಪದರದ, ಮೂರರಲ್ಲಿ ಎರಡು ಪಾಲು ಮಡಿಕೆಗಳ ಒಳಗೆ ಅಡಗಿರುತ್ತದೆ. ಮಡಿಕೆಗಳ ನಡುವಿನ ತಗ್ಗು ಗೆರೆಗೆ ಸಲ್ಕಸ್ ಎಂದು ಹೆಸರು. ಹಾಗಾಗಿ ಪ್ಲಾಸ್ಟಿಕ್ ಮೈಮೇಲಿನ ಗೆರೆ ಎಷ್ಟು ಆಳವಾಗಿದೆ ಎಂಬುದು ಮುಖ್ಯ. ಒಳ್ಳೆಯ ಅಚ್ಚಿನಲ್ಲಿ ಉಗುರು ಇಳಿಯುವಷ್ಟು ಆಳ ಇರುತ್ತದೆ. ಕೆಟ್ಟ ಅಚ್ಚಿನಲ್ಲಿ ಗೆರೆ ಎಳೆದಂತೆ ಮೇಲ್ಮೇಲೆ ಇದ್ದು, ಸಿಕ್ಕಸಿಕ್ಕಲ್ಲಿ ಸುತ್ತಿಕೊಂಡಿರುತ್ತದೆ.

ಪರೀಕ್ಷಿಸುವ ವಿಧಾನ ಹೀಗೆ. ಅರ್ಧ ಮೆದುಳಿನ ಮುಂತುದಿಯಿಂದ ಹಿಂತುದಿಯವರೆಗೆ ಮೇಲಂಚಿನ ಮೇಲೆ ದಾರ ಇಟ್ಟು ಅಳೆಯಿರಿ, ಅರ್ಧ ಗುರುತು ಮಾಡಿ, ಅಲ್ಲಿಂದ ಸುಮಾರು 1 ಸೆಂ.ಮೀ. ಹಿಂದೆ ಹೋಗಿ. ಅಲ್ಲಿಂದ ಕೆಳಗೂ ಮುಂದಕ್ಕೂ ಓರೆಯಾಗಿ ಇಳಿಯುವ, ಎರಡೂ ಬದಿಗೆ ಸಮಾನಾಂತರ ದಿಂಡು ಇರುವ ಗೆರೆಯೇ ಸೆಂಟ್ರಲ್ ಸಲ್ಕಸ್. ಮುಂದಿನ ದಿಂಡು ಚಲನೆಯದು, ಹಿಂದಿನದು ಸ್ಪರ್ಶದ್ದು. ಗೆರೆ ಸಾಮಾನ್ಯವಾಗಿ ಕೆಳಗಿನ ಲ್ಯಾಟರಲ್ ಸಲ್ಕಸ್ ಮುಟ್ಟುವ ಮುಂಚೆಯೇ ನಿಲ್ಲುತ್ತದೆ. ಇನ್ನೂ ಅನುಮಾನವಿದ್ದರೆ ಒಳಮುಖ ತಿರುಗಿಸಿ. ಕಾರ್ಪಸ್ ಕಲೋಸಮ್‌ನ ಮೇಲೆ ಅದರೊಂದಿಗೇ ಸಾಗುವ ಸಿಂಗುಲೇಟ್ ಸಲ್ಕಸ್ ಒಂದು ಕಡೆ ಮೇಲಕ್ಕೆ ತಿರುಗಿ ಅಂಚು ಮುಟ್ಟುತ್ತದೆ. ಸೆಂಟ್ರಲ್ ಸಲ್ಕಸ್‌ನ ತುದಿ ಅದಕ್ಕಿಂತ ಸ್ವಲ್ಪ ಮುಂದೆ ಅಂಚಿನ ಮೇಲೆ ಕಚ್ಚು ಹಾಕಿದಂತೆ ಕಾಣಬೇಕು. ಈ ಎರಡೂ ಹೊಂದಿಕೊಂಡರೆ ಅಚ್ಚು ನಿಜವಾದ ಮೆದುಳಿನಿಂದ ತೆಗೆದದ್ದು ಎಂದುಕೊಳ್ಳಬಹುದು. ಎಂಆರ್‌ಐ ಚಿತ್ರದಲ್ಲಿ ಸೆಂಟ್ರಲ್ ಸಲ್ಕಸ್ ಗುರುತಿಸುವಾಗಲೂ ಇದೇ ಗುರುತು ಕೆಲಸಕ್ಕೆ ಬರುತ್ತದೆ.

ಟೆಂಪೊರಲ್ ತುಂಡು ತೆಗೆದಾಗ ಲ್ಯಾಟರಲ್ ಸಲ್ಕಸ್‌ನ ಆಳದಲ್ಲಿ ಇನ್ಸುಲಾ ಕಾಣಬೇಕು, ಬೀಸಣಿಗೆಯಂತೆ ಹರಡಿದ ನಾಲ್ಕಾರು ಸಣ್ಣ ದಿಂಡುಗಳ ಗುಡ್ಡೆ. ಬಹಳ ಮಾದರಿಗಳಲ್ಲಿ ಆ ಜಾಗ ಚಪ್ಪಟೆ ಹಲಗೆಯಂತಿರುತ್ತದೆ. ದೊಡ್ಡ ತಪ್ಪೇನಲ್ಲ, ಆದರೆ ತಿಳಿದಿರಲಿ.

ಬಣ್ಣದ ಬಗ್ಗೆ ಎರಡು ಮಾತು. ಹಾಲೆಗೊಂದು ಬಣ್ಣ ಬಳಿದ ಮಾದರಿಯನ್ನು ಮೊದಲ ವಾರದ ಪಾಠಕ್ಕೆ ಹೊರತು ಬೇರೆಯದಕ್ಕೆ ಕೊಳ್ಳಬೇಡಿ. ಬಣ್ಣದ ಗಡಿ ನೋಡಿ ಕಲಿತವರು ಬಣ್ಣವಿಲ್ಲದ ಮೆದುಳಿನ ಮುಂದೆ ತಡಕಾಡುತ್ತಾರೆ. ಪರೈಟಲ್ ಮತ್ತು ಆಕ್ಸಿಪಿಟಲ್ ಹಾಲೆಗಳ ನಡುವೆ ಹೊರಮೈಯಲ್ಲಿ ಸ್ಪಷ್ಟ ಗಡಿ ನಿಜವಾಗಿಯೂ ಇಲ್ಲ. ಅದು ಊಹೆಯ ಗೆರೆ. ಗಡಿ ಸರಿಯಾಗಿ ಕಾಣುವುದು ಒಳಮುಖದಲ್ಲಿ, ಪರೈಟೊ-ಆಕ್ಸಿಪಿಟಲ್ ಸಲ್ಕಸ್ ರೂಪದಲ್ಲಿ. ಅದು ಕೆಳಗೆ ಕ್ಯಾಲ್ಕರೈನ್ ಸಲ್ಕಸ್‌ಗೆ ಕೂಡಿ ಇಂಗ್ಲಿಷಿನ ವೈ ಅಕ್ಷರವನ್ನು ಮಲಗಿಸಿದಂತೆ ಕಾಣುತ್ತದೆ. ಕ್ಯಾಲ್ಕರೈನ್‌ನ ಎರಡು ದಡವೇ ದೃಷ್ಟಿಯ ತೊಗಟೆ. ಒಂದೇ ಬೂದು ಕೆನೆ ಬಣ್ಣದ ಮಾದರಿ ಸಿಕ್ಕರೆ ಅದನ್ನೇ ಆರಿಸಿ.

ಕಾಂಡ ಮತ್ತು ತಲೆನರಗಳು: ತಪ್ಪು ಸೇರಿಕೊಳ್ಳುವುದು ಇಲ್ಲಿ

ಎಂಟು ತುಂಡಿನಲ್ಲಿ ಅತಿ ಚಿಕ್ಕದು ಕಾಂಡ. ತಯಾರಿಸುವವರ ಉದಾಸೀನ ಎದ್ದು ಕಾಣುವುದೂ ಅಲ್ಲೇ. ಕೆಳಗಿನಿಂದ ನೋಡುತ್ತಾ ಬನ್ನಿ. ಮುಂದೆ ದೃಷ್ಟಿನರಗಳ ಅಡ್ಡಹಾದಿ, ಅದರ ಹಿಂದೆ ಪಿಟ್ಯುಟರಿಯ ತೊಟ್ಟು, ಅದರ ಹಿಂದೆ ಹುರಿಗಡಲೆಯಂಥ ಎರಡು ಮ್ಯಾಮಿಲರಿ ಗುಂಡುಗಳು. ಅವುಗಳ ಹಿಂದೆ ಮಧ್ಯಮೆದುಳಿನ ಎರಡು ಕಂಬಗಳ ನಡುವಿನ ಸಂದಿನಿಂದ ಮೂರನೇ ತಲೆನರ (ಮೆದುಳಿನಿಂದ ನೇರ ಹೊರಡುವ ನರ) ಹೊರಬರಬೇಕು. ಐದನೆಯದು ಪಾನ್ಸ್‌ನ ಪಕ್ಕದಿಂದ. ಪಾನ್ಸ್ ಮತ್ತು ಮೆಡುಲ್ಲಾ ಕೂಡುವ ಗೆರೆಯಲ್ಲಿ ನಡುವಿನಿಂದ ಹೊರಕ್ಕೆ ಆರು, ಏಳು, ಎಂಟು. ಮೆಡುಲ್ಲಾದಲ್ಲಿ ಉಬ್ಬಿದ ಆಲಿವ್‌ನ ಹಿಂದೆ ಒಂಬತ್ತು, ಹತ್ತು, ಹನ್ನೊಂದು. ಆಲಿವ್‌ನ ಮುಂದೆ, ಪಿರಮಿಡ್ ಮತ್ತು ಆಲಿವ್‌ನ ನಡುವೆ ಹನ್ನೆರಡು.

ತಪ್ಪುವುದು ಮೂರು ಕಡೆ. ಏಳು ಮತ್ತು ಎಂಟನ್ನು ಒಂದೇ ಮುದ್ದೆ ಮಾಡಿಬಿಡುತ್ತಾರೆ. ಹನ್ನೆರಡನೆಯದನ್ನು ಆಲಿವ್‌ನ ಹಿಂದಕ್ಕೆ ಅಂಟಿಸುತ್ತಾರೆ. ನಾಲ್ಕನೆಯದನ್ನು ಕಂಬದ ಮುಂಭಾಗದಿಂದಲೇ ಹುಟ್ಟಿಸುತ್ತಾರೆ. ಕಾಂಡದ ಬೆನ್ನಿನಿಂದ ಹೊರಡುವ ತಲೆನರ ನಾಲ್ಕನೆಯದೊಂದೇ. ಮಧ್ಯಮೆದುಳಿನ ಬೆನ್ನಿನ ಮೇಲಿರುವ ನಾಲ್ಕು ಗುಂಡುಗಳಲ್ಲಿ ಕೆಳಗಿನ ಜೋಡಿಯ ಕೆಳಗೆ ಹೊರಟು, ಸುತ್ತಿಕೊಂಡು ಮುಂದೆ ಬರುತ್ತದೆ. ತುಂಡನ್ನು ಬೆನ್ನು ಮೇಲಾಗಿ ತಿರುಗಿಸಿ, ಅಲ್ಲಿ ದಾರದಂಥ ಎಳೆ ಇದೆಯೇ ನೋಡಿ. ಇಲ್ಲದಿದ್ದರೆ ಹಳದಿ ಉಣ್ಣೆದಾರದ ಚೂರನ್ನು ಫೆವಿಕ್ವಿಕ್ ಹಾಕಿ ಅಂಟಿಸಿಕೊಳ್ಳಿ, ಸಾಕು. ಹನ್ನೆರಡನೆಯದು ತಪ್ಪು ಕಡೆ ಇದ್ದರೂ ಹೀಗೆಯೇ ಸರಿಮಾಡಬಹುದು. ಈ ತಪ್ಪುಗಳಿಗಾಗಿ ಮಾದರಿಯನ್ನೇ ಬಿಡಬೇಕಿಲ್ಲ.

ಮೆಡುಲ್ಲಾದ ಕೆಳತುದಿಯಲ್ಲಿ ಎರಡು ಪಿರಮಿಡ್‌ಗಳ ನಡುವಿನ ಸೀಳು ಮುಚ್ಚಿದಂತೆ, ಜಡೆ ಹೆಣೆದಂತೆ ಕಾಣಬೇಕು. ಚಲನೆಯ ತಂತುಗಳಲ್ಲಿ ನೂರಕ್ಕೆ ಸುಮಾರು 85ರಿಂದ 90 ಪಾಲು ಅಲ್ಲಿ ಎದುರು ಬದಿಗೆ ದಾಟುತ್ತವೆ. ಎಡ ಮೆದುಳಿನ ಪಾರ್ಶ್ವವಾಯು ಬಲಗೈ ಬಲಗಾಲನ್ನು ಹಿಡಿಯುವುದು ಈ ಜಡೆಯಿಂದಾಗಿ. ಆದರೆ ಮಾದರಿ ಸರಿಯಾಗಿ ನಡುವೆಯೇ ಹೋಳಾಗುವುದರಿಂದ ಜಡೆಯೂ ಹೋಳಾಗಿರುತ್ತದೆ. ಎರಡು ಅರ್ಧ ಜೋಡಿಸಿ ಹಿಡಿದಾಗ ಮಾತ್ರ ತೋರಿಸಿ.

ಧಮನಿಗಳ ತುಂಡು ಏಕೆ ಬೇಕೆಂದರೆ, ಮೂರನೇ ನರ ಎರಡು ಧಮನಿಗಳ ನಡುವೆ ಹಾದುಬರುತ್ತದೆ. ಮೇಲೆ ಪೋಸ್ಟೀರಿಯರ್ ಸೆರೆಬ್ರಲ್, ಕೆಳಗೆ ಸುಪೀರಿಯರ್ ಸೆರೆಬೆಲ್ಲಾರ್. ಅಲ್ಲೇ ಸಮೀಪದ ಧಮನಿ ಉಬ್ಬಿದರೆ ನರ ಒತ್ತಿ, ರೆಪ್ಪೆ ಜೋತು, ಪಾಪೆ ಹಿಗ್ಗುತ್ತದೆ. ಧಮನಿ ಹಾಕಿ ತೆಗೆದು ತೋರಿಸಿದರೆ ಇದು ಅರ್ಧ ನಿಮಿಷದ ಪಾಠ. ತಳದ ಧಮನಿಗಳ ಉಂಗುರಕ್ಕೆ ಥಾಮಸ್ ವಿಲ್ಲಿಸ್ ಹೆಸರು ಬಂದದ್ದು ಅವರು 1664ರಲ್ಲಿ ಅದನ್ನು ವಿವರಿಸಿದ್ದರಿಂದ. ಪ್ಲಾಸ್ಟಿಕ್‌ನಲ್ಲಿ ಕಾಣುವ ತುಂಬು ಉಂಗುರ ಅರ್ಧಕ್ಕಿಂತ ಕಡಿಮೆ ಜನರಲ್ಲಿ ಹಾಗೆಯೇ ಇರುತ್ತದೆ. ಉಳಿದವರಲ್ಲಿ ಒಂದಲ್ಲ ಒಂದು ಕೊಂಡಿ ಸಣ್ಣದು, ಅಥವಾ ಇಲ್ಲವೇ ಇಲ್ಲ.

ಅನುಮಸ್ತಿಷ್ಕದ ತುಂಡು ಎಲ್ಲ ಅಚ್ಚುಗಳಲ್ಲೂ ಚೆನ್ನಾಗಿಯೇ ಇದೆ. ಸೀಳಿದ ಮುಖದಲ್ಲಿ ಬಿಳಿ ದ್ರವ್ಯ (ನರತಂತುಗಳ ಭಾಗ) ಮರದ ಕೊಂಬೆಗಳಂತೆ ಹರಡಿರಬೇಕು, ಅಷ್ಟೇ. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಈ ಪುಟ್ಟ ಭಾಗದಲ್ಲೇ ಇವೆ ಎಂಬುದನ್ನು ಕೈಯಲ್ಲಿ ಹಿಡಿದಿರುವಾಗಲೇ ಹೇಳಿ, ಕೇಳಿದವರು ಮರೆಯುವುದಿಲ್ಲ.

ಈ ಮಾದರಿಯಲ್ಲಿ ಸಿಗದೇ ಇರುವುದು ಬೇಸಲ್ ಗ್ಯಾಂಗ್ಲಿಯಾ (ಮೆದುಳಿನ ಆಳದ ನರಕೋಶಗಳ ಗುಡ್ಡೆಗಳು) ಮತ್ತು ಅವುಗಳ ನಡುವೆ ಹಾಯುವ ತಂತುಗಳ ಪಟ್ಟಿಯಾದ ಇಂಟರ್ನಲ್ ಕ್ಯಾಪ್ಸೂಲ್. ಪಾರ್ಶ್ವವಾಯು ಕಲಿಸಲು ಅವೇ ಮುಖ್ಯ. ಥಾಲಮಸ್ ಮತ್ತು ಬೇಸಲ್ ಗ್ಯಾಂಗ್ಲಿಯಾದ ಲೆಂಟಿಫಾರ್ಮ್ ನ್ಯೂಕ್ಲಿಯಸ್‌ನ ನಡುವೆ ಹಾದುಹೋಗುವ ಆ ಕಿರಿದಾದ ಬಿಳಿ ಪಟ್ಟಿಯಲ್ಲಿ ಬಟಾಣಿಯಷ್ಟು ಜಾಗ ಸತ್ತರೂ ಅರ್ಧ ಮೈ ಬಿದ್ದುಹೋಗುತ್ತದೆ. ನಡುಸೀಳಿನಲ್ಲಿ ಅದು ಕಾಣಲು ಸಾಧ್ಯವಿಲ್ಲ, ಅಡ್ಡಲಾಗಿ ಸೀಳಿದ ಮಾದರಿ ಬೇಕು. ಅದಕ್ಕೆ ಬೇರೆ ದುಡ್ಡು ಹಾಕಲಾಗದಿದ್ದರೆ ಒಂದು ಹಳೆಯ ಸಿಟಿ ಫಿಲಂ, ರೋಗಿಯ ಹೆಸರಿನ ಪಟ್ಟಿ ಕತ್ತರಿಸಿ ತೆಗೆದದ್ದು, ಕಿಟಕಿಯ ಬೆಳಕಿಗೆ ಹಿಡಿದರೆ ಕೆಲಸ ನಡೆಯುತ್ತದೆ.

ಬೆನ್ನುಹುರಿಯ ಅಡ್ಡಸೀಳು

ಮೊದಲು ಮುಂದು ಯಾವುದು, ಹಿಂದು ಯಾವುದು ತಿಳಿಯಿರಿ. ಆಳವಾದ ಸೀಳು ಮುಂದೆ. ಅದರ ಬಾಯಲ್ಲಿ ಒಂದೇ ಧಮನಿ. ಹಿಂದೆ ಬರೀ ಗೆರೆ, ಅದರ ಎರಡು ಪಕ್ಕ ಎರಡು ಸಣ್ಣ ಧಮನಿ. ಒಳಗೆ ಬೂದು ದ್ರವ್ಯ (ನರಕೋಶಗಳ ಭಾಗ) ಚಿಟ್ಟೆಯ ರೆಕ್ಕೆಯಂತೆ. ಮುಂದಿನ ಕೊಂಬು ದಪ್ಪ, ಮೊಂಡು, ಅಂಚು ಮುಟ್ಟುವುದಿಲ್ಲ. ಹಿಂದಿನ ಕೊಂಬು ತೆಳು, ಹೆಚ್ಚುಕಡಿಮೆ ಅಂಚಿನವರೆಗೂ ಹೋಗುತ್ತದೆ. ನೋಡಬೇಕಾದ ಮೊದಲ ಜಾಗ ಇದು: ನಾಲ್ಕೂ ಕೊಂಬು ಒಂದೇ ದಪ್ಪವಿದ್ದರೆ ಆ ಮಾದರಿ ಬೇಡ.

ಎರಡನೆಯದು ನರಗಂಟು. ಹುರಿಯ ಪ್ರತಿ ಬದಿಗೂ ಮುಂದೊಂದು, ಹಿಂದೊಂದು ನರಬೇರು ಇರುತ್ತದೆ. ಹಿಂದಿನ ಬೇರಿನ ಮೇಲೆ ಮಾತ್ರ ಗಂಟು ಇರಬೇಕು, ಅದೂ ಹುರಿಗೆ ಅಂಟಿಕೊಂಡಲ್ಲ, ಮುಂದಿನ ಬೇರಿನೊಂದಿಗೆ ಕೂಡುವುದಕ್ಕೆ ತುಸು ಮುಂಚೆ. ಸ್ಪರ್ಶದ ನರಕೋಶಗಳ ಮನೆ ಆ ಗಂಟು. ಚಲನೆಯ ನರಕೋಶಗಳ ಮನೆ ಮುಂದಿನ ಕೊಂಬಿನ ಒಳಗೇ ಇರುವುದರಿಂದ ಮುಂದಿನ ಬೇರಿಗೆ ಗಂಟು ಬೇಕಾಗಿಲ್ಲ. ಪೋಲಿಯೊ ವೈರಸ್ ಮುಂದಿನ ಕೊಂಬನ್ನು ತಿಂದಾಗ ಕಾಲು ಸೊರಗಿದರೂ ಸ್ಪರ್ಶ ಉಳಿಯುವುದು, ಸರ್ಪಸುತ್ತಿನ ವೈರಸ್ ಗಂಟಿನಲ್ಲಿ ಅಡಗಿ ಚರ್ಮದ ಮೇಲೆ ಪಟ್ಟಿಯಾಗಿ ಏಳುವುದು, ಎರಡಕ್ಕೂ ವಿವರಣೆ ಈ ಒಂದು ಗಂಟಿನ ಜಾಗದಲ್ಲಿದೆ.

ಮೂರನೆಯದು ಮಟ್ಟ. ಬೂದು ದ್ರವ್ಯದ ಪಕ್ಕಕ್ಕೆ ಚಾಚಿದ ಸಣ್ಣ ಕೊಂಬು ಇದ್ದರೆ ಅದು ಟಿ1ರಿಂದ ಎಲ್2ರವರೆಗಿನ ಸೀಳು (ಟಿ ಎಂದರೆ ಎದೆ, ಎಲ್ ಎಂದರೆ ಸೊಂಟ, ಸಿ ಕುತ್ತಿಗೆ, ಎಸ್ ತ್ರಿಕಾಸ್ಥಿ; ಸಂಖ್ಯೆ ಮೇಲಿನಿಂದ ಎಷ್ಟನೆಯದು ಎಂಬುದು). ಆಗ ಮುಂದಿನ ಕೊಂಬು ಸಣಕಲಾಗಿರಬೇಕು, ಏಕೆಂದರೆ, ಎರಡು ತುದಿಯ ಖಂಡಗಳನ್ನು ಬಿಟ್ಟರೆ, ಈ ಮಟ್ಟದಲ್ಲಿ ಕೈಕಾಲಿನ ಸ್ನಾಯುಗಳ ನರಕೋಶಗಳಿಲ್ಲ. ಪಕ್ಕದ ಕೊಂಬೂ ಉಂಟು, ದೈತ್ಯ ಮುಂಗೊಂಬೂ ಉಂಟು ಎಂದರೆ ಎರಡು ಮಟ್ಟ ಬೆರೆಸಿ ಮಾಡಿದ ಅಚ್ಚು. ಬಹುಪಾಲು ಅಗ್ಗದ ಮಾದರಿಗಳು ಹೀಗೇ ಇವೆ. ಕುತ್ತಿಗೆಯ ಮಟ್ಟದ ಸೀಳು ಅಡ್ಡಕ್ಕೆ ಅಗಲ, ಬಿಳಿ ದ್ರವ್ಯ ಹೇರಳ. ಎದೆಯದು ಗುಂಡು, ಬೂದು ತೆಳು. ಸೊಂಟದ್ದು ಗುಂಡು, ಬೂದು ದಪ್ಪ. ತ್ರಿಕಾಸ್ಥಿಯ ಮಟ್ಟದಲ್ಲಿ ಬಿಳಿ ಎಂಬುದು ಬೂದಿನ ಸುತ್ತ ತೆಳು ಅಂಚು ಮಾತ್ರ. ಕೆಳಗಿನಿಂದ ಮೇಲಕ್ಕೆ ಹೋದಷ್ಟೂ ಒಂದೊಂದು ಮಟ್ಟದ ತಂತುಗಳು ಸೇರಿಕೊಳ್ಳುತ್ತಾ ಬಿಳಿ ದ್ರವ್ಯ ಬೆಳೆಯುತ್ತದೆ, ಉಪನದಿ ಸೇರಿದ ಹೊಳೆ ದಪ್ಪವಾಗುವಂತೆ. ಈ ತರ್ಕ ತಿಳಿದವರು ಸ್ಲೈಡ್ ನೋಡಿ ಮಟ್ಟ ಹೇಳಬಲ್ಲರು. ಬೆರಕೆ ಮಾದರಿಯಲ್ಲಿ ಕಲಿತವರಿಗೆ ಅದು ಕಷ್ಟ.

ಹಾದಿಗಳನ್ನು ತೋರಿಸಲು ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಬಳಿದಿರುತ್ತಾರೆ. ಇಳಿಯುವ ಹಾದಿ ಒಂದು ಕಡೆ, ಏರುವ ಹಾದಿ ಇನ್ನೊಂದು ಕಡೆ ಮಾತ್ರ ಇದೆ ಎಂದು ಹೊಸಬರು ತಿಳಿದುಬಿಡುತ್ತಾರೆ. ಎರಡು ಬಗೆಯ ಹಾದಿಗಳೂ ಎರಡೂ ಬದಿಯಲ್ಲಿವೆ ಎಂದು ಮೊದಲ ದಿನವೇ ಹೇಳಿ. ಹಿಂಬದಿಯ ಬಿಳಿ ದ್ರವ್ಯದ ಎರಡು ಏರುಹಾದಿಗಳಾದ ಗ್ರಾಸಿಲಿಸ್ ಮತ್ತು ಕ್ಯೂನಿಯೇಟಸ್ ನಂಬರ್ ಪಟ್ಟಿಯಲ್ಲಿ ಅದಲುಬದಲಾಗಿರುವುದೂ ಉಂಟು. ನಡುಗೆರೆಗೆ ಹತ್ತಿರದ್ದು ಗ್ರಾಸಿಲಿಸ್, ಕಾಲಿನಿಂದ ಬಂದದ್ದು. ಅದರ ಹೊರಗಿನದು ಕ್ಯೂನಿಯೇಟಸ್, ಕೈಯಿಂದ ಬಂದದ್ದು, ಸುಮಾರು ಟಿ6ರಿಂದ ಮೇಲೆ ಮಾತ್ರ ಇರುವಂಥದ್ದು.

ಈ ತುಂಡಿನಿಂದ ಪೂರ್ತಿ ಪ್ರಯೋಜನ ಬೇಕಾದರೆ ಮೂರು ಬಣ್ಣದ ದಾರ ತನ್ನಿ. ಕೆಂಪು ದಾರ ಮೆದುಳಿನಿಂದ ಇಳಿದು ಮೆಡುಲ್ಲಾದಲ್ಲಿ ಎದುರು ಬದಿಗೆ ದಾಟಿ ಹುರಿಯ ಪಕ್ಕದಲ್ಲಿ ಕೆಳಗೆ ಬರಲಿ. ಹಸಿರು ದಾರ, ಅಂದರೆ ಕಂಪನ ಮತ್ತು ಕೀಲಿನ ಅರಿವು, ಹಿಂದಿನ ಬೇರಿನಲ್ಲಿ ಒಳಹೊಕ್ಕು ಅದೇ ಬದಿಯಲ್ಲಿ ಮೇಲೇರಿ ಮೆಡುಲ್ಲಾದಲ್ಲಿ ದಾಟಲಿ. ನೀಲಿ ದಾರ, ನೋವು ಮತ್ತು ಬಿಸಿ ತಂಪು, ಒಳಹೊಕ್ಕು ಒಂದೆರಡು ಖಂಡದೊಳಗೇ (ಒಂದು ನರಜೋಡಿ ಹೊರಡುವ ಹುರಿಯ ಭಾಗವೇ ಒಂದು ಖಂಡ) ಹುರಿಯಲ್ಲೇ ಎದುರು ಬದಿಗೆ ದಾಟಿ ಏರಲಿ. ಈಗ ಹುರಿಯ ಬಲ ಅರ್ಧಕ್ಕೆ ಕತ್ತರಿ ಹಿಡಿಯಿರಿ. ಬಲಗಾಲಿನ ಚಲನೆ ಮತ್ತು ಕಂಪನದ ಅರಿವು ಹೋಯಿತು, ನೋವಿನ ಅರಿವು ಹೋದದ್ದು ಎಡಗಾಲಿನಲ್ಲಿ. ಹುರಿಯ ಅರ್ಧ ಕತ್ತರಿಸಿದಾಗ ಕಾಣುವ ಈ ಬ್ರೌನ್-ಸೆಕಾರ್ಡ್ ಲಕ್ಷಣಕೂಟವನ್ನು ಬಾಯಿಪಾಠ ಮಾಡುವ ಶ್ರಮ ಅಲ್ಲಿಗೆ ತೀರಿತು.

ಬೆನ್ನೆಲುಬು: ಎಣಿಸಿ ಕೊಳ್ಳಿ

ಕುತ್ತಿಗೆಯಲ್ಲಿ 7 ಕಶೇರುಮಣಿ, ಆದರೆ ನರಜೋಡಿ 8. ಒಟ್ಟು 31 ಜೋಡಿ: ಕುತ್ತಿಗೆ 8, ಎದೆ 12, ಸೊಂಟ 5, ತ್ರಿಕಾಸ್ಥಿ 5, ಬಾಲದೆಲುಬು 1. ಮೊದಲ ಏಳು ತಮ್ಮ ಹೆಸರಿನ ಮಣಿಯ ಮೇಲಿಂದ ಹೊರಬರುತ್ತವೆ. ಎಂಟನೆಯದು ಸಿ7ರ ಕೆಳಗಿನಿಂದ, ಅಲ್ಲಿಂದ ಮುಂದೆ ಎಲ್ಲವೂ ತಮ್ಮ ಮಣಿಯ ಕೆಳಗಿನಿಂದ. ಮಾದರಿಯ ಕುತ್ತಿಗೆಯಲ್ಲಿ ನರ ಎಣಿಸಿ. ತಲೆಬುರುಡೆಗೂ ಮೊದಲ ಮಣಿಗೂ ನಡುವಿನ ನರವನ್ನು ಬಿಟ್ಟು ಏಳಕ್ಕೇ ನಿಲ್ಲಿಸಿರುವುದು ಸಾಮಾನ್ಯ. ಹಾಗಿದ್ದರೆ ಅಲ್ಲಿಂದ ಕೆಳಗಿನ ನಂಬರುಗಳನ್ನೆಲ್ಲ ಅನುಮಾನದಿಂದಲೇ ನೋಡಬೇಕು.

ಮುಖ್ಯ ಪರೀಕ್ಷೆ ಹುರಿಯ ಕೊನೆ. ದೊಡ್ಡವರಲ್ಲಿ ಹುರಿ 42ರಿಂದ 45 ಸೆಂ.ಮೀ. ಉದ್ದ, ಎಲ್1 ಮತ್ತು ಎಲ್2 ಮಣಿಗಳ ಹತ್ತಿರ ಚೂಪಾಗಿ ಮುಗಿಯುತ್ತದೆ. ಹುಟ್ಟಿದ ಮಗುವಿನಲ್ಲಿ ಎಲ್3ರ ತನಕ. ಕೆಳಗೆ ಇಳಿಯುವುದು ಕುದುರೆ ಬಾಲದಂಥ ನರಬೇರುಗಳ ಗೊಂಚಲು. ಹೊರಚೀಲ ಎಸ್2ರವರೆಗೂ ಹೋಗುತ್ತದೆ, ಅದರೊಳಗೆ ದ್ರವ ಇರುತ್ತದೆ. ಸೊಂಟದಲ್ಲಿ ಮೆದುಳುದ್ರವ ತೆಗೆಯುವ ಸೂಜಿಯನ್ನು ಎಲ್3-ಎಲ್4 ಅಥವಾ ಎಲ್4-ಎಲ್5 ಸಂದಿನಲ್ಲಿ ಚುಚ್ಚುವುದು ಇದಕ್ಕಾಗಿ. ಅಲ್ಲಿ ಹುರಿ ಇಲ್ಲ, ತೇಲುವ ಬೇರುಗಳು ಸೂಜಿಯಿಂದ ಸರಿದುಕೊಳ್ಳುತ್ತವೆ. ಎರಡು ಸೊಂಟದೆಲುಬಿನ ಮೇಲಂಚುಗಳನ್ನು ಕೂಡಿಸುವ ಗೆರೆ ಎಲ್4ರ ಹತ್ತಿರ ಹಾಯುತ್ತದೆ, ಜಾಗ ಹುಡುಕುವುದು ಅದರಿಂದ. ಅಗ್ಗದ ಬೆನ್ನೆಲುಬಿನಲ್ಲಿ ಒಂದೇ ಹಳದಿ ಕೊಳವೆ ತಲೆಯಿಂದ ತ್ರಿಕಾಸ್ಥಿಯವರೆಗೂ ಒಂದೇ ದಪ್ಪಕ್ಕೆ ಓಡುತ್ತದೆ. ಕುತ್ತಿಗೆ ಮತ್ತು ಸೊಂಟದ ಮಟ್ಟದ ಉಬ್ಬುಗಳಿಲ್ಲ, ಕೊನೆಯ ಚೂಪಿಲ್ಲ, ಗೊಂಚಲಿಲ್ಲ. ಅದನ್ನು ನೋಡಿ ಕಲಿತ ನರ್ಸಿಂಗ್ ವಿದ್ಯಾರ್ಥಿ, ಬೆನ್ನಿಗೆ ಸೂಜಿ ಎಂದರೆ ನಡುಗುವ ರೋಗಿಗೆ ಏನೆಂದು ಧೈರ್ಯ ಹೇಳಬೇಕು? ಈ ತಪ್ಪನ್ನು ನಾವು ಕ್ಷಮಿಸುವುದಿಲ್ಲ.

ಹುರಿ ಮೇಲೆಯೇ ಮುಗಿಯುವುದರಿಂದ ಹುರಿಯ ಖಂಡಕ್ಕೂ ಮಣಿಗೂ ನಂಬರ್ ಹೊಂದುವುದಿಲ್ಲ. ಟಿ10 ಮಣಿಯ ಮುಳ್ಳಿನ ನೇರಕ್ಕೆ ಇರುವುದು ಸುಮಾರಾಗಿ ಎಲ್1, ಎಲ್2 ಖಂಡ. ಟಿ11ರ ನೇರಕ್ಕೆ ಎಲ್3, ಎಲ್4. ಟಿ12 ಮಣಿ ಮುರಿದವರಿಗೆ ಪಾದ ಮತ್ತು ಮೂತ್ರಕೋಶದ ತೊಂದರೆ ಏಕೆ ಎಂಬುದಕ್ಕೆ ಇದೇ ಉತ್ತರ. ಒಳ್ಳೆಯ ಮಾದರಿಯಲ್ಲಿ ಬೇರುಗಳು ಕುತ್ತಿಗೆಯಲ್ಲಿ ಅಡ್ಡಕ್ಕೆ, ಎದೆಯಲ್ಲಿ ಓರೆಗೆ, ಸೊಂಟದಲ್ಲಿ ನೇರ ಕೆಳಕ್ಕೆ ಸಾಗುತ್ತವೆ.

ಫಿಸಿಯೋಥೆರಪಿಯವರು ಇನ್ನೊಂದನ್ನು ನೋಡಬೇಕು. ಎಲ್4-ಎಲ್5 ನಡುವಿನ ಡಿಸ್ಕ್ ಪಕ್ಕಕ್ಕೆ ಹಿಂದಕ್ಕೆ ಜಾರಿದರೆ ಸಾಮಾನ್ಯವಾಗಿ ಒತ್ತುವುದು ಎಲ್5 ಬೇರನ್ನು. ಎಲ್4 ಬೇರು ತನ್ನ ಮಣಿಯ ಪೆಡಿಕಲ್‌ಗೆ (ಮಣಿಯ ಮುಂಭಾಗವನ್ನು ಹಿಂದಿನ ಕಮಾನಿಗೆ ಕೂಡಿಸುವ ಮೂಳೆಯ ಕೊಂಡಿಗೆ) ತಾಗಿಕೊಂಡು ಡಿಸ್ಕ್‌ಗಿಂತ ಮೇಲೆಯೇ ಹೊರಬಿದ್ದಿರುತ್ತದೆ. ಮಾದರಿಯಲ್ಲಿ ನರವು ಎರಡು ಮಣಿಗಳ ನಡುವಿನ ತೂತಿನ ಮೇಲ್ಭಾಗದಲ್ಲಿ ಹೊರಬರಬೇಕು. ಡಿಸ್ಕ್‌ನ ಎದುರಿಗೇ ನೇರ ಹೊರಬಂದಿದ್ದರೆ ಕೆಂಪು ಬಣ್ಣದ ಜಾರಿದ ಡಿಸ್ಕ್ ಇದ್ದೂ ಪಾಠ ತಪ್ಪಾಗುತ್ತದೆ.

ಪಿನ್ನು, ಬಣ್ಣ, ಬಾಳಿಕೆ

ತುಂಡುಗಳನ್ನು ಜೋಡಿಸುವುದು ಲೋಹದ ಪಿನ್ ಅಥವಾ ಅಯಸ್ಕಾಂತ. ಪಿನ್ ಇದ್ದರೆ ನೇರ ಎಳೆಯಬೇಕು. ತಿರುಚಿ ಎಳೆದರೆ ತೂತು ಸಡಿಲವಾಗಿ ಕಾಂಡ ಮತ್ತೆ ಮತ್ತೆ ಬಿದ್ದುಹೋಗುತ್ತದೆ. ಸಡಿಲವಾದ ಪಿನ್‌ಗೆ ಒಂದು ಸುತ್ತು ಟೆಫ್ಲಾನ್ ಟೇಪ್, ಅಂದರೆ ನಲ್ಲಿಗೆ ಸುತ್ತುವ ಬಿಳಿ ಟೇಪ್, ಸಾಕು. ಪಿವಿಸಿ ಬಿಸಿಲಿಗೆ ಬಾಗುತ್ತದೆ. ಕಿಟಕಿ ಪಕ್ಕ ಇಟ್ಟ ಮಾದರಿಯ ಎರಡು ಅರ್ಧ ಬೇಸಿಗೆ ಕಳೆಯುವಷ್ಟರಲ್ಲಿ ಕೂಡಿಕೊಳ್ಳುವುದಿಲ್ಲ. ಒರೆಸಲು ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು. ಸ್ಪಿರಿಟ್, ಥಿನ್ನರ್, ಉಗುರುಬಣ್ಣ ಅಳಿಸುವ ದ್ರವ ತಾಗಿದರೆ ನಂಬರೂ ನರವೂ ಒಟ್ಟಿಗೆ ಮಾಯ. ನಂಬರ್ ಪಟ್ಟಿಯನ್ನು ಬಂದ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ.

ಪ್ಲಾಸ್ಟಿಕ್ ಕೊಡಲಾರದ್ದು

ಜೀವಂತ ಮೆದುಳು ಮೆತ್ತಗೆ, ಹೆಚ್ಚುಕಡಿಮೆ ಎಳೆ ತೋಫುವಿನಂತೆ. 1,300ರಿಂದ 1,400 ಗ್ರಾಂ ತೂಗುವ ಅದು ದ್ರವದಲ್ಲಿ ತೇಲುವುದರಿಂದಲೇ ತನ್ನ ಭಾರಕ್ಕೆ ತಾನೇ ಜಜ್ಜಿಹೋಗದೆ ಉಳಿದಿದೆ. ಗಟ್ಟಿ ಪ್ಲಾಸ್ಟಿಕ್ ಹಿಡಿದವರಿಗೆ ಇದು ಹೊಳೆಯುವುದಿಲ್ಲ. ಪೊರೆಗಳೂ ಈ ಸೆಟ್‌ನಲ್ಲಿ ಇಲ್ಲ. ಎರಡನ್ನೂ ತೋರಿಸಲು ಮಟನ್ ಅಂಗಡಿಯ ಕುರಿ ಮೆದುಳು ಒಳ್ಳೆಯದು. ಅಂಗಡಿಯವರು ತಲೆಯನ್ನು ಮಚ್ಚಿನಿಂದ ನಡುವೆ ಸೀಳುವುದರಿಂದ ಮೆದುಳು ಹೋಳಾಗಿ ಬರುತ್ತದೆ. ಇಡಿಯಾಗಿ ಬೇಕೆಂದು ಹಿಂದಿನ ದಿನವೇ ಹೇಳಿಡಿ. ಅದೇ ದಿನ ನೋಡುವುದಾದರೆ ಕುದಿಯುವ ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸೀಳುವಷ್ಟು ಗಟ್ಟಿಯಾಗುತ್ತದೆ. ಇಟ್ಟುಕೊಳ್ಳುವುದಾದರೆ ಕಾಲೇಜಿನ ಲ್ಯಾಬ್‌ನಲ್ಲಿ, ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು, ಅಂಗಡಿಯ ಫಾರ್ಮಲಿನ್ 1 ಪಾಲಿಗೆ ನೀರು 9 ಪಾಲು ಬೆರೆಸಿ, ಮೆದುಳಿನ ಹತ್ತು ಪಟ್ಟಾದರೂ ದ್ರವದಲ್ಲಿ ಎರಡು ವಾರ ಇಡಿ. ತಳದಲ್ಲಿ ಹತ್ತಿ ಹಾಸದಿದ್ದರೆ ಒಂದು ಬದಿ ಚಪ್ಪಟೆಯಾಗುತ್ತದೆ. ಪಾಠಕ್ಕೆ ಮುಂಚೆ ಒಂದು ದಿನ ಹರಿಯುವ ನೀರಿನಲ್ಲಿ ತೊಳೆಯಬೇಕು. ಫಾರ್ಮಲಿನ್ ಕಣ್ಣು, ಮೂಗು ಉರಿಸುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಮನೆಗೆ ತರಲೇಬಾರದು.

ಕುರಿ ಮೆದುಳನ್ನು ಪ್ಲಾಸ್ಟಿಕ್ ಪಕ್ಕ ಇಟ್ಟರೆ ವ್ಯತ್ಯಾಸವೇ ಪಾಠ. ಕುರಿಯಲ್ಲಿ ವಾಸನೆಯ ಗುಂಡುಗಳು ದೊಡ್ಡವು, ಅನುಮಸ್ತಿಷ್ಕ ಹಿಂದೆ ಇದೆ, ಮೆದುಳಿನ ಅಡಿಗೆ ಸೇರಿಲ್ಲ, ಕಾಂಡ ಹೆಚ್ಚುಕಡಿಮೆ ನೇರ. ಎರಡು ಕಾಲಿನ ಮೇಲೆ ನಿಂತ ಮನುಷ್ಯನಲ್ಲಿ ಕಾಂಡದ ಹತ್ತಿರ ಬಾಗು ಬಂದಿದೆ. ಹುರಿಯಲ್ಲಿ ಹೊಟ್ಟೆಯ ಕಡೆ ಎಂದರೆ ಮುಂದೆ, ಮೆದುಳಿನಲ್ಲಿ ಅದೇ ಮಾತಿಗೆ ಕೆಳಗೆ ಎಂದು ಅರ್ಥ ಬದಲಾಗುವುದು ಆ ಬಾಗಿನಿಂದ.

ಬೆಂಗಳೂರಿನ ಹತ್ತಿರದವರಿಗೆ ಇನ್ನೂ ದೊಡ್ಡ ಅನುಕೂಲವಿದೆ. ನಿಮ್ಹಾನ್ಸ್‌ನ ನ್ಯೂರೋಪೆಥಾಲಜಿ ವಿಭಾಗದ ಮೆದುಳು ಸಂಗ್ರಹಾಲಯದಲ್ಲಿ ದಾನವಾಗಿ ಬಂದ ಮಾನವ ಮೆದುಳುಗಳನ್ನು, ಪೆಟ್ಟು, ಸೋಂಕು, ಗೆಡ್ಡೆ, ರಕ್ತಸ್ರಾವದ ಗುರುತುಗಳೊಂದಿಗೆ ಸಾರ್ವಜನಿಕರೂ ನೋಡಬಹುದು. ನಿಗದಿತ ದಿನಗಳಲ್ಲಿ ಮಾತ್ರ ತೆರೆಯುವುದರಿಂದ ಮೊದಲೇ ಕೇಳಿಕೊಂಡು ಹೋಗಿ. ಈ ಪ್ಲಾಸ್ಟಿಕ್ ಮೆದುಳಿನಲ್ಲಿ ಸೆಂಟ್ರಲ್ ಸಲ್ಕಸ್, ಕ್ಯಾಲ್ಕರೈನ್, ನಾಲ್ಕನೇ ಕುಹರ ಮೂರನ್ನೂ ಪಟ್ಟಿ ನೋಡದೆ ತೋರಿಸಲು ಬಂದ ಮೇಲೆ ಹೋದರೆ ಅಲ್ಲಿನ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತಾಗ ಏನಾಗಿದೆ, ಎಲ್ಲಾಗಿದೆ ಎಂದು ನೀವೇ ಓದಿಕೊಳ್ಳಬಹುದು.